ಆಪ್ಟ್ ಸಾಕಾ, ಸೋರ್ಸ್‌ನಿಂದಲೇ ಹಾಕಬೇಕಾ?

"ಸರ್, ಇಷ್ಟು ವರ್ಷದಿಂದ ಲಿನಕ್ಸ್ ಬಳಸ್ತಿದ್ದೀರಿ, ಇನ್ನೂ ಆಪ್ಟ್‌ನಲ್ಲೇ ಹಾಕ್ಕೋತೀರಾ?"

ಹೌದು. ಆಪ್ಟ್ ಅನ್ನೋದು ಡೆಬಿಯನ್ ಥರದ ಲಿನಕ್ಸ್‌ಗಳಲ್ಲಿ ಸಿದ್ಧ ಪ್ಯಾಕೇಜ್ ತಂದು ಹಾಕುವ ಕಮಾಂಡು; ಸೋರ್ಸ್ ಅಂದರೆ ಮೂಲ ಕೋಡ್ ತಂದು ನಾವೇ ಕಂಪೈಲ್ ಮಾಡಿ, ಅಂದರೆ ಓಡುವ ಪ್ರೋಗ್ರಾಮಾಗಿ ಕಟ್ಟಿ, ಹಾಕಿಕೊಳ್ಳೋದು. ಆಪ್ಟ್ ಅಂದರೆ ಬಾಲವಾಡಿ, ಸೋರ್ಸ್ ಕಂಪೈಲ್ ಅಂದರೆ ಪಿಎಚ್.ಡಿ. ಅನ್ನೋ ಹಾಗೆ ಕೇಳ್ತಾರಲ್ಲ, ಅದಕ್ಕೇ ರೇಗೋದು. ಪ್ಯಾಕೇಜ್ ಇಲ್ಲದಿದ್ದರೆ, ತೀರಾ ಹಳೆಯದಿದ್ದರೆ, ಕೋಡ್ ತಿದ್ದಬೇಕಿದ್ದರೆ ಸೋರ್ಸ್. ಉಳಿದದ್ದಕ್ಕೆಲ್ಲ ಆಪ್ಟ್. ಉತ್ತರ ಮುಗಿಯಿತು. ಇನ್ನು ಮುಂದಿನದು ವಾದ ಮಾಡುವವರಿಗೆ.

"ಸೋರ್ಸ್‌ನಿಂದ ಹಾಕಿದರೆ ಫಾಸ್ಟ್." ಡೆಬಿಯನ್‌ನವರು ಸಾಮಾನ್ಯವಾಗಿ -ಓ2 (ಕೋಡ್ ವೇಗವಾಗಿ ಓಡುವಂತೆ ಮಾಡುವ ಕಂಪೈಲರ್ ಆಯ್ಕೆ) ಕೊಟ್ಟು ಕಂಪೈಲ್ ಮಾಡುತ್ತಾರೆ. ನೀವು ಏನೂ ಮುಟ್ಟದೆ ಕಾನ್ಫಿಗರ್ (ಕಟ್ಟುವ ಮುಂಚಿನ ಸಿದ್ಧತೆಯ ಸ್ಕ್ರಿಪ್ಟ್) ಓಡಿಸಿದರೆ ಬಹುಪಾಲು ಬರುವುದೂ ಅದೇ -ಓ2. ಫ್ಯಾನ್ ಕೂಗಿದ್ದಷ್ಟೇ ಲಾಭ.

"ಸೋರ್ಸ್ ಆದರೆ ಏನಿದೆ ಅಂತ ಗೊತ್ತಿರುತ್ತೆ." ಓದಿದ್ದೀರಾ? 2024ರ ಮಾರ್ಚ್‌ನಲ್ಲಿ ಬಯಲಾದ ಎಕ್ಸ್‌ಝಡ್ (ಫೈಲ್ ಕುಗ್ಗಿಸುವ ಸಾಧನ) ಒಳಗೆ ಅಡಗಿಸಿಟ್ಟಿದ್ದ ಹಿಂಬಾಗಿಲಿಗೆ ಚಾಲನೆ ಕೊಡುವ ಸಾಲುಗಳು ಎಲ್ಲರೂ ನೋಡುವ ಕೋಡ್ ಭಂಡಾರವಾದ ಗಿಟ್‌ನಲ್ಲಿ ಇರಲೇ ಇಲ್ಲ, ಜನ ಇಳಿಸಿಕೊಳ್ಳುವ ಸೋರ್ಸ್ ಗಂಟಾದ ಬಿಡುಗಡೆಯ ಟಾರ್‌ಬಾಲ್‌ನಲ್ಲಿ ಕೂತಿದ್ದವು. ಡೆಬಿಯನ್‌ನ ಪರೀಕ್ಷಾ ಶಾಖೆಗೂ ಅದು ನುಗ್ಗಿತ್ತು, ಒಪ್ಪಿದೆ. ಆದರೆ ಅವರು 5.6.1+ರಿಯಲಿ5.4.5 ಅನ್ನೋ ವಿಚಿತ್ರ ಹೆಸರಿನಲ್ಲಿ ಹಳೆಯ ಆವೃತ್ತಿಯನ್ನೇ ಹೊಸದೆಂಬಂತೆ ಬಿಟ್ಟರು. ಒಂದು ಅಪ್‌ಗ್ರೇಡ್‌ಗೆ ಪೀಡೆ ತೊಲಗಿತು. ನೀವು ಕೈಯಾರೆ ಹಾಕಿಕೊಂಡಿದ್ದನ್ನು ಯಾರು ಬಂದು ತೆಗೀಬೇಕು?

ಒಬ್ಬ ಹುಡುಗ ಹಳೆಯ ಕನ್ನಡ ಪುಸ್ತಕಗಳನ್ನು ಪಠ್ಯ ಮಾಡೋಕೆ ಹೊರಟಿದ್ದ. ಅದಕ್ಕೆ ಚಿತ್ರದಲ್ಲಿನ ಅಕ್ಷರ ಓದುವ ಟೆಸರಾಕ್ಟ್ ಬೇಕು. ಆಪ್ಟ್‌ನಲ್ಲಿತ್ತು, ಆದರೂ ಸೋರ್ಸ್‌ನಿಂದಲೇ ಕಟ್ಟಿದ. ಓಡಿಸಿದರೆ ಲೈಬ್ರರಿ ಸಿಗುತ್ತಿಲ್ಲ ಅಂತ ಎರರ್, ಲೈಬ್ರರಿಗಳ ಪಟ್ಟಿ ಹೊಸದು ಮಾಡುವ ಕಮಾಂಡು ಎಲ್‌ಡಿಕಾನ್ಫಿಗ್ ಹೇಳಿಕೊಟ್ಟೆ. ಆಮೇಲೆ ಕನ್ನಡದ ಡೇಟಾ ಇಲ್ಲ ಅಂತು. "ಟೆಸರಾಕ್ಟ್-ಓಸಿಆರ್-ಕನ್ ಆಪ್ಟ್‌ನಲ್ಲಿ ಹಾಕಿದ್ದೀನಲ್ಲಾ ಸರ್!" ಹಾಕಿದ್ದಾನೆ ಮಹಾರಾಯ. ಆ ಕನ್ನಡ ಡೇಟಾ ಪ್ಯಾಕೇಜಿನ ಫೈಲ್ ಇರೋದು ಯುಎಸ್ಆರ್ ಶೇರ್ ಫೋಲ್ಡರಿನ ಕೆಳಗೆ. ಇವನು ಕಟ್ಟಿದ್ದು ಹುಡುಕೋದು ಯುಎಸ್ಆರ್ ಲೋಕಲ್ ಶೇರ್ ಕೆಳಗೆ. ಒಂದೇ ಡಿಸ್ಕಿನಲ್ಲಿ ಇಬ್ಬರಿಗೂ ಮುಖಪರಿಚಯವಿಲ್ಲ. ಸಾಲದ್ದಕ್ಕೆ ಪಾತ್‌ನಲ್ಲಿ (ಕಮಾಂಡು ಹುಡುಕುವ ಫೋಲ್ಡರುಗಳ ಸಾಲು) ಲೋಕಲ್ ಮೊದಲು ಬರುವುದರಿಂದ, ನಾಳೆ ಆಪ್ಟ್‌ನಿಂದ ಟೆಸರಾಕ್ಟ್ ಹಾಕಿ ಎಷ್ಟೇ ಅಪ್‌ಗ್ರೇಡ್ ಮಾಡಿದರೂ ಓಡುವುದು ಇವನ ಹಳೆಯದೇ.

ನಿಜವಾಗಿ ಅವನಿಗೆ ಬೇಕಿದ್ದದ್ದು ಬೇರೆ: ಕನ್ನಡ ಯಾಕೆ ತಪ್ಪುತಪ್ಪಾಗಿ ಓದುತ್ತೆ? ಅದನ್ನು ಮೊದಲೇ ಕೇಳಬಾರದಿತ್ತಾ! ಅದಕ್ಕಾದರೆ ಕಾಫಿ ತರಿಸಿಕೊಂಡು ಉತ್ತರ ಹೇಳ್ತೀನಿ. ಎಂಜಿನ್ ಯಾರು ಕಂಪೈಲ್ ಮಾಡಿದರೂ ಅಕ್ಷರ ಗುರುತಿಸುವ ಬುದ್ಧಿ ಇರೋದು ಟ್ರೇನ್‌ಡ್‌ಡೇಟಾ ಫೈಲಿನಲ್ಲಿ. ಪ್ಯಾಕೇಜಿನಲ್ಲಿ ಬರುವುದು 'ಫಾಸ್ಟ್' ಮಾದರಿಯದು. 'ಬೆಸ್ಟ್' ಅಂತ ಇನ್ನೊಂದಿದೆ: ನಿಧಾನ, ಆದರೆ ಸಾಮಾನ್ಯವಾಗಿ ಸ್ವಲ್ಪ ಮೇಲು. ಆ ಒಂದು ಫೈಲ್ ಇಳಿಸಿ, ಬೇರೆ ಫೋಲ್ಡರಿನಲ್ಲಿಟ್ಟು, ಟೆಸ್‌ಡೇಟಾ-ಡಿರ್ ಆಯ್ಕೆಯಲ್ಲಿ ದಾರಿ ತೋರಿಸಿ. ಕಂಪೈಲರ್ ಮುಟ್ಟೋ ಹಾಗೇ ಇಲ್ಲ. ಸ್ಕ್ಯಾನ್ 300 ಡಿಪಿಐ ಇರಲಿ, ಪುಟ ನೆಟ್ಟಗಿರಲಿ. ಮಸುಕಾದ ಫೋಟೋದಲ್ಲಿ ಮೊದಲು ಸಾಯುವುದು ಒತ್ತಕ್ಷರ. ಅದನ್ನು ಯಾವ ಆವೃತ್ತಿಯೂ ಬದುಕಿಸಲ್ಲ.

ಇಷ್ಟಾದ ಮೇಲೂ ಸೋರ್ಸೇ ಬೇಕು ಅಂದರೆ ಹಟ ನಿಮ್ಮದು. ಡೆಬ್-ಎಸ್ಆರ್‌ಸಿ ಸಾಲು (ಆಪ್ಟ್‌ಗೆ ಸೋರ್ಸ್ ಎಲ್ಲಿದೆ ಅಂತ ಹೇಳುವುದು) ಚಾಲೂ ಮಾಡಿ, ಮೊದಲು ಬಿಲ್ಡ್-ಡೆಪ್ ಓಡಿಸಿ. ಕಟ್ಟೋಕೆ ಬೇಕಾದ ಲೈಬ್ರರಿಗಳೆಲ್ಲ ಬಂದು ಕೂರುತ್ತವೆ. ಅದೂ ಆಪ್ಟ್‌ನದ್ದೇ ಕಮಾಂಡು.