ಅಕ್ಕಿ ಡಬ್ಬದ ಹತ್ತಿರವೇ ಅಳೆಯೋಣ

ಊಟ ಕಡಿಮೆ ಮಾಡಬೇಕು ಅಂತ ಹೊರಟವರು ಸಾಮಾನ್ಯವಾಗಿ ತಟ್ಟೆ ಮುಂದೆ ಕೂತ ಮೇಲೆ ಲೆಕ್ಕ ಶುರು ಮಾಡುತ್ತಾರೆ. ಆಗ ಕುಕ್ಕರಿನ ತುಂಬ ಬಿಸಿ ಅನ್ನ ಇರುತ್ತೆ, ಹುಳಿ ಘಮ್ ಅನ್ನುತ್ತಿರುತ್ತೆ, ಹೊಟ್ಟೆ ಹಸಿದಿರುತ್ತೆ. ಉಳಿದರೆ ಎಸೆಯಲು ನಮ್ಮ ಮನೆಗಳಲ್ಲಿ ಯಾರಿಗೂ ಮನಸ್ಸು ಬರುವುದಿಲ್ಲ. ಮಾಡಿದ ಅನ್ನ ಯಾರದೋ ಒಬ್ಬರ ಹೊಟ್ಟೆಗೆ ಹೋಗೇ ಹೋಗುತ್ತೆ, ಹೆಚ್ಚಿನ ಸಲ ಕೊನೆಗೆ ಊಟಕ್ಕೆ ಕೂರುವ ಹೆಂಗಸಿನ ಹೊಟ್ಟೆಗೆ. ಅದಕ್ಕೇ ನಾನು ಹೇಳೋದು, ಅಳತೆ ಮಾಡಬೇಕಾದ್ದು ಅಕ್ಕಿ ತೊಳೆಯುವ ಮೊದಲು.

ನಾವಿರೋದು ಹನುಮಂತನಗರದಲ್ಲಿ. ನಾನು, ನಮ್ಮನೆಯವರು, ಅತ್ತೆ, ಮೂರೇ ಜನ. ಹೋದ ವರ್ಷ ನಮ್ಮನೆಯವರ ರಕ್ತ ಪರೀಕ್ಷೆಯಲ್ಲಿ ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಅಂಕಿ, ಶೇಕಡಾ 6.1 ಬಂತು. 5.7ರಿಂದ 6.4ರ ಒಳಗಿದ್ದರೆ ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಆದರೆ ಬಾಗಿಲ ಹತ್ತಿರ ಇದೆ ಅಂತ. ಡಾಕ್ಟರು "ಅನ್ನ ಕಡಿಮೆ ಮಾಡಿ, ತರಕಾರಿ ಜಾಸ್ತಿ ಮಾಡಿ" ಅಂದರು. ಎಷ್ಟು ಕಡಿಮೆ, ಎಷ್ಟು ಜಾಸ್ತಿ? ಅಡುಗೆ ಮಾಡುವವಳಿಗೆ ಬೇಕಾದ್ದು ಅದು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಭಾರತೀಯರಿಗೆ ಅಂತಲೇ ಹೊಸ ಆಹಾರ ಸೂಚಿ ಹೊರಡಿಸಿದೆ. ದಿನಕ್ಕೆ 2000 ಕ್ಯಾಲೊರಿ ಬೇಕಾದವರಿಗೆ ಅಕ್ಕಿ, ಗೋಧಿ, ರಾಗಿ ಎಲ್ಲ ಸೇರಿ 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ ಸೊಪ್ಪು 400 ಗ್ರಾಂ, ಎಣ್ಣೆ ತುಪ್ಪ ಸೇರಿ 27 ಗ್ರಾಂ. ಎಲ್ಲವೂ ಬೇಯಿಸುವ ಮೊದಲಿನ ತೂಕ. ಅದು ನನಗೆ ತುಂಬ ಅನುಕೂಲವಾಯಿತು. ಬೆಂದ ಅನ್ನವನ್ನು ಯಾರು ತೂಗುತ್ತಾ ಕೂರುತ್ತಾರೆ?

ಅತ್ತೆ ಚನ್ನರಾಯಪಟ್ಟಣದ ಕಡೆಯಿಂದ ಬರುವಾಗ ತಂದ ಹಿತ್ತಾಳೆ ಪಾವು ನಮ್ಮನೆ ಅಕ್ಕಿ ಡಬ್ಬದಲ್ಲೇ ಇರುತ್ತೆ. ಗುಡ್ಡೆ ಬರದ ಹಾಗೆ ಕೈಯಿಂದ ಸವರಿ ತೂಗಿ ನೋಡಿದೆ, 210 ಗ್ರಾಂ ಸೋನಾ ಮಸೂರಿ. ಗುಡ್ಡೆ ಬಿಟ್ಟು ತುಂಬಿದರೆ ಅದೇ ಪಾವು 240 ದಾಟುತ್ತೆ. ಸವರಿದ ಒಂದು ಪಾವು ಅಂದರೆ ಒಬ್ಬೊಬ್ಬರಿಗೆ 70 ಗ್ರಾಂ. ಬೆಂದ ಮೇಲೆ ಹೆಚ್ಚುಕಮ್ಮಿ ಮೂರರಷ್ಟು, ತಲೆಗೆ 200 ಗ್ರಾಂ ಅನ್ನ, ಸುಮಾರು 250 ಕ್ಯಾಲೊರಿ. ಮಧ್ಯಾಹ್ನ ಒಂದು ಪಾವು, ರಾತ್ರಿ ಒಂದು ಪಾವು, ಬೆಳಗಿನ ತಿಂಡಿಗೆ ಅದಕ್ಕಿಂತ ಒಂಚೂರು ಜಾಸ್ತಿ. ಒಬ್ಬೊಬ್ಬರಿಗೆ ದಿನದ 250 ಗ್ರಾಮಿನ ಒಳಗೇ ಬಂತು. ನಿಮ್ಮ ಮನೆ ಪಾವೋ ಲೋಟವೋ ಬೇರೆ ಅಳತೆಯದ್ದು ಇರುತ್ತೆ, ಒಂದು ಸಲ ಅಂಗಡಿ ತಕ್ಕಡಿಯಲ್ಲಾದರೂ ತೂಗಿಸಿ ನೋಡಿ. ಅಷ್ಟು ಸಾಕು, ದಿನಾ ತೂಗಬೇಕಿಲ್ಲ.

ಈ 200 ಗ್ರಾಂ ಅನ್ನ ತಟ್ಟೆಗೆ ಬಂದ ಮೇಲೆ ನಮ್ಮ ಊಟದ ಕ್ರಮವೇ ಒಂದು ಸವಾಲು. ಸಾರನ್ನ, ಆಮೇಲೆ ಹುಳಿಯನ್ನ, ಕೊನೆಗೆ ಮಜ್ಜಿಗೆ ಅನ್ನ. ಪ್ರತಿ ಸುತ್ತಿಗೂ ಹೊಸ ಅನ್ನ. ಅನ್ನ ಉಳಿಯಿತು ಅಂತ ಸಾರು, ಸಾರು ಉಳಿಯಿತು ಅಂತ ಅನ್ನ. ಇದಕ್ಕೆ ಕೊನೆಯೇ ಇಲ್ಲ ಅಲ್ವಾ? ಈಗ ನಾವು ಅನ್ನ ಪೂರ್ತಿ ಒಂದೇ ಸಲ ಬಡಿಸಿಕೊಳ್ಳುತ್ತೇವೆ. ಬೆರಳಲ್ಲೇ ಮೂರು ಪಾಲು ಮಾಡಿ ದೂರ ದೂರ ಸರಿಸಿ, ಸಾರು ಒಂದಕ್ಕೆ, ಹುಳಿ ಒಂದಕ್ಕೆ, ಮಜ್ಜಿಗೆ ಒಂದಕ್ಕೆ. ಸಾರು ಉಳಿದರೆ ಲೋಟಕ್ಕೆ ಬಗ್ಗಿಸಿಕೊಂಡು ಕುಡಿಯೋದು. ಮೆಣಸಿನ ಸಾರಂತೂ ಹಾಗೇ ಕುಡಿದರೆ ಇನ್ನೂ ರುಚಿ. ಕುಕ್ಕರ್ ಊಟದ ಜಾಗಕ್ಕೆ ಬರುವುದಿಲ್ಲ, ಪಲ್ಯದ ಪಾತ್ರೆ ಬರುತ್ತೆ.

ಪಲ್ಯದ ವಿಷಯಕ್ಕೆ ಬಂದೆ. ಊಟದ ಅಳತೆ ಅಂದರೆ ಬರೀ ಕಡಿಮೆ ಮಾಡೋದು ಅಂತ ತಿಳಿದವರೇ ಜಾಸ್ತಿ. 400 ಗ್ರಾಂ ತರಕಾರಿ ಅಂದರೆ ಮೂವರಿಗೆ ದಿನಕ್ಕೆ 1.2 ಕೆಜಿ! ಕಾಲು ಕೆಜಿ ಹುರುಳಿಕಾಯಿ ಪಲ್ಯ ಮಾಡಿದರೆ ಒಂದು ಮನೆಗಾಯಿತು ಅನ್ನುವುದು ನಮ್ಮಲ್ಲಿ ಎಲ್ಲರ ರೂಢಿ. ಉಪ್ಪಿನಕಾಯಿ ಬಡಿಸಿದ ಹಾಗೆ ಪಲ್ಯ ಬಡಿಸುತ್ತೇವೆ. ಅನ್ನ ಕಡಿಮೆ ಮಾಡಿ ಪಲ್ಯವೂ ಅಷ್ಟೇ ಇದ್ದರೆ ಸಾಯಂಕಾಲ ನಾಲ್ಕಕ್ಕೆ ಹಸಿವಾಗದೆ ಏನಾಗುತ್ತೆ? ಆಮೇಲೆ ಬೇಕರಿಯ ಖಾರಾ ಬನ್ನು, ಕಾಂಗ್ರೆಸ್ ಕಡಲೆಕಾಯಿ. ನಾನೀಗ ಗಾಂಧಿ ಬಜಾರಿಗೆ ಎರಡು ಚೀಲ ಹಿಡಿದು ಹೋಗುತ್ತೇನೆ. ಸೀಮೆಬದನೆ, ಸೋರೆಕಾಯಿ, ಮೂಲಂಗಿ, ಎಲೆಕೋಸು, ದಂಟಿನ ಸೊಪ್ಪು. ಅಗ್ಗದ ತರಕಾರಿಗಳೇ ಇವು. ಆಲೂಗಡ್ಡೆಯನ್ನು ಮಾತ್ರ ನಾನು ತರಕಾರಿ ಲೆಕ್ಕಕ್ಕೆ ಸೇರಿಸುವುದಿಲ್ಲ, ಅದರಲ್ಲಿರೋದು ಅನ್ನದ ಹಾಗೆ ಪಿಷ್ಟವೇ. ತಟ್ಟೆಗೆ ಮೊದಲು ಕೋಸಂಬರಿ, ಪಲ್ಯ. ಅವು ಅರ್ಧ ಖಾಲಿಯಾದ ಮೇಲೆ ಅನ್ನ. ಬಾಳೆ ಎಲೆಯ ಊಟದಲ್ಲಿ ಮೊದಲಿಂದಲೂ ಕೋಸಂಬರಿ, ಪಲ್ಯ ಅನ್ನಕ್ಕಿಂತ ಮುಂಚೆಯೇ ಬರುತ್ತವೆ. ಅದನ್ನು ಮದುವೆ ಮನೆಯಲ್ಲಿ ಮಾತ್ರ ಪಾಲಿಸಿದರೆ ಹೇಗೆ?

ಬೇಳೆಯೂ ಹಾಗೇ. ಮೂವರಿಗೆ ದಿನಕ್ಕೆ 255 ಗ್ರಾಂ ಅಂದರೆ ಒಂದು ಪಾವಿಗಿಂತ ಜಾಸ್ತಿ. ಒಂದು ಹಿಡಿ ತೊಗರಿಬೇಳೆಯಲ್ಲಿ ನೀರು ಸಾರು ಮಾಡಿದರೆ ಸಾಲದು. ಮೊಳಕೆ ಹೆಸರುಕಾಳಿನ ಬಸ್ಸಾರು, ಹುರುಳಿಕಾಳು, ಚಳಿಗಾಲದಲ್ಲಿ ಅವರೆಕಾಳು. ಬಿಸಿಬೇಳೆಬಾತಿಗೆ ಅಕ್ಕಿ ಬೇಳೆ ಸಮಸಮ, ತರಕಾರಿ ಎರಡರಷ್ಟು.

ಎಣ್ಣೆಗೆ ತಿಂಗಳ ಲೆಕ್ಕವೇ ಸುಲಭ. ಮೂವರಿಗೆ 27 ಗ್ರಾಮಿನಂತೆ 30 ದಿನಕ್ಕೆ 2430 ಗ್ರಾಂ. ಅಂದರೆ ತುಪ್ಪವೂ ಸೇರಿ ತಿಂಗಳಿಗೆ ಎರಡೂವರೆ ಕೆಜಿ. ದಿನಸಿ ತರುವಾಗಲೇ ಅಷ್ಟೇ ತಂದರೆ ಒಗ್ಗರಣೆಗೆ ಬಗ್ಗಿಸುವ ಕೈ ತಾನಾಗೇ ಬಿಗಿಯಾಗುತ್ತೆ.

ಎಲ್ಲಕ್ಕಿಂತ ಕಷ್ಟದ್ದು ಬಡಿಸುವವರ ಪ್ರೀತಿ. ನಮ್ಮತ್ತೆ ಬಡಿಸಲು ನಿಂತರೆ ಸುಮ್ನೆ ಬಿಡುವವರಲ್ಲ. "ಇಷ್ಟೇ ಇಷ್ಟು ತಿಂದ್ರೆ ಮೈಗೆ ಹತ್ತುತ್ತೇನೋ, ಇನ್ನೊಂಚೂರು ಹಾಕಿಸ್ಕೊಳೋ" ಅಂತ ಮಗನ ತಟ್ಟೆಗೆ ಅನ್ನದ ಕೈ ಚಾಚುತ್ತಾರೆ. ಅದನ್ನು ತಡೆಯುವುದು ಸರಿಯಲ್ಲ ಅಂತ ನನ್ನ ಭಾವನೆ. ಹಾಗೆ ಉಪಚಾರ ಮಾಡಿ ಬಡಿಸುವವರು ಮನೆಯಲ್ಲಿ ಇರೋದೇ ಪುಣ್ಯ. ಅದಕ್ಕೆ ನಾನು ಅವರಿಗೆ, "ಅತ್ತೆ, ಅನ್ನ ನಾನು ಬಡಿಸ್ತೀನಿ, ಕೋಸಂಬರಿ ಪಲ್ಯ ನಿಮ್ಮದು, ಎಷ್ಟು ಬೇಕಾದ್ರೂ ಬಲವಂತ ಮಾಡಿ" ಅಂದೆ. ಈಗ ಅಡುಗೆಮನೆಯಿಂದ ಅವರೇ ಪಲ್ಯದ ಬಾಣಲಿ ಹಿಡಿದು ಬರುತ್ತಾರೆ. ಬೇಡ ಅಂದರೂ ಎರಡು ಸೌಟು ಬೀಳುತ್ತೆ.

ಮುದ್ದೆ ಬಗ್ಗೆ ಒಂದು ಮಾತು. ರಾಗಿ ಒಳ್ಳೆಯದು, ಎಷ್ಟು ತಿಂದರೂ ನಡೆಯುತ್ತೆ ಅನ್ನುವವರು ತುಂಬ ಜನ. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಅಕ್ಕಿಗಿಂತ ಎಷ್ಟೋ ಜಾಸ್ತಿ, ನಿಜ. ಆದರೆ ತೂಕಕ್ಕೆ ತೂಕ ಇಟ್ಟರೆ ಕ್ಯಾಲೊರಿ ಅಕ್ಕಿಯ ಹತ್ತಿರವೇ ಇರುತ್ತೆ. ಮುದ್ದೆ ಮಾಡಿದ ದಿನ ನಮ್ಮಲ್ಲಿ ಒಬ್ಬರಿಗೆ 60 ಗ್ರಾಂ ಹಿಟ್ಟಿನ ಒಂದು ಮುದ್ದೆ, ಜೊತೆಗೆ ಸೊಪ್ಪಿನ ಬಸ್ಸಾರು. ಮುದ್ದೆ ಮೇಲೆ ಅನ್ನ ಇಲ್ಲ, ಮಜ್ಜಿಗೆ ಲೋಟದಲ್ಲಿ.

ಸಕ್ಕರೆ ಕಾಯಿಲೆಗೆ ಈಗಾಗಲೇ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಇದನ್ನು ಓದಿ ನಾಳೆಯಿಂದಲೇ ಅನ್ನ ಅರ್ಧ ಮಾಡಬೇಡಿ, ದಯವಿಟ್ಟು. ಔಷಧಿ ಅಷ್ಟೇ ಇದ್ದು ಊಟ ಇಳಿದರೆ ಸಕ್ಕರೆ ತೀರಾ ಕೆಳಗೆ ಹೋಗಿ ಬೆವರು, ನಡುಕ, ತಲೆಸುತ್ತು ಬರಬಹುದು. ಮೊದಲು ಡಾಕ್ಟರ ಹತ್ತಿರ ಮಾತಾಡಿ, ಔಷಧಿಯ ಪ್ರಮಾಣ ಸರಿಮಾಡಿಸಿಕೊಂಡು ಆಮೇಲೆ ಪಾವು ಕೈಗೆತ್ತಿಕೊಳ್ಳಿ. ಬೆಳೆಯುವ ಮಕ್ಕಳಿಗೂ, ಬಸುರಿ ಬಾಣಂತಿಯರಿಗೂ ಈ ಲೆಕ್ಕ ಹೊಂದುವುದಿಲ್ಲ. ಮೈಮುರಿದು ಕೆಲಸ ಮಾಡುವವರಿಗೂ ಅಷ್ಟೇ, ಅವರ ಪಾವು ದೊಡ್ಡದೇ ಇರಲಿ.