ಅಪ್ಪನ ಹೆಬ್ಬೆರಳು ಮತ್ತು ಹಕೀಮರ ಪ್ರಶ್ನೆಗಳು

ಹೋದ ಫೆಬ್ರವರಿಯಲ್ಲಿ ಒಂದು ರಾತ್ರಿ ಅಪ್ಪ ಚಾದರ ಕಿತ್ತೆಸೆದು ಎದ್ದು ಕೂತ. ಬಲಗಾಲಿನ ಹೆಬ್ಬೆರಳು ಕೆಂಪಗೆ ಊದಿತ್ತು. ಚಾದರದ ಅಂಚು ತಗುಲಿದರೂ ಜೀವ ಹೋದಂತಾಗುತ್ತಿತ್ತು. ಬೆಳಗಾದ ಮೇಲೆ ಧಾರವಾಡದಲ್ಲೇ ಡಾಕ್ಟರಿಗೆ ತೋರಿಸಿದೆವು. ರಕ್ತದಲ್ಲಿ ಯೂರಿಕ್ ಆಸಿಡ್ ಜಾಸ್ತಿಯಾಗಿ ಕೀಲಿನಲ್ಲಿ ಕೂತಿದೆ, ಇದು ಗೌಟ್ ಅಂದರು. ಗುಳಿಗೆ ನುಂಗಿದ ಮೇಲೆ ನೋವು ತಗ್ಗಿತು. ಆದರೆ ಅಪ್ಪನಿಗೆ ಸಮಾಧಾನ ಇಲ್ಲ. "ಹುಬ್ಬಳ್ಳಿ ಹಕೀಮ್ ಸಾಹೇಬ್ರ ಕಡೆ ಹೋಗೂಣು" ಅಂತ ಹಟ ಹಿಡಿದ. ಹಿಂದೆ ಈಗಿನ ಹಕೀಮರ ತಂದೆ ಕೊಟ್ಟ ಎಣ್ಣೆಯಿಂದ ಸೊಂಟನೋವು ಹೋಗಿತ್ತು ಅನ್ನೋದು ಅವನ ನೆನಪು.

ದುರ್ಗದಬೈಲಿನಲ್ಲಿ ಇಳಿದು ಶಹಾ ಬಜಾರದ ಸಂದಿಯಲ್ಲಿ ಅಪ್ಪನ ಕೈ ಹಿಡಿದು ನಿಧಾನ ನಡೆಸಿದೆ. ಸಣ್ಣ ದವಾಖಾನೆ. ಕಪಾಟಿನ ತುಂಬ ಉರ್ದು ಚೀಟಿ ಅಂಟಿಸಿದ ಬರಣಿಗಳು. ಬಡೇಸೊಪ್ಪು, ಗುಲಾಬಿ ನೀರು, ಅತಿಮಧುರ ಎಲ್ಲ ಕಲೆತ ವಾಸನೆ. ಗೋಡೆಯ ಮೇಲೆ ದೆಹಲಿಯ ಹೆಸರಾಂತ ವೈದ್ಯ ಹಕೀಮ್ ಅಜ್ಮಲ್ ಖಾನರ ಫೋಟೋ. ಅವರ ಹುಟ್ಟಿದ ದಿನ ಫೆಬ್ರವರಿ 11ನ್ನೇ ಯುನಾನಿ ದಿನ, ಅಂದರೆ ಹಕೀಮರ ವೈದ್ಯಪದ್ಧತಿಯ ದಿನ, ಅಂತ ಆಚರಿಸುತ್ತಾರೆ. ದೆಹಲಿಯಲ್ಲಿ ಅವರು ಕಟ್ಟಿದ ತಿಬ್ಬಿಯಾ ಕಾಲೇಜನ್ನು 1921ರಲ್ಲಿ ಉದ್ಘಾಟಿಸಿದ್ದು ಗಾಂಧೀಜಿ.

ಹಕೀಮರಿಗೆ ನಲವತ್ತರ ವಯಸ್ಸಿರಬಹುದು. ಬೆಂಗಳೂರಿನಲ್ಲಿ ಯುನಾನಿ ಓದಿ ಬಂದವರು. ಅಪ್ಪನ ಮುಂಗೈ ಮೇಲೆ ನಾಲ್ಕು ಬೆರಳಿಟ್ಟು ಕಣ್ಣು ಮುಚ್ಚಿದರು. ನಾಡಿಯನ್ನು ಅವರು ನಬ್ಜ್ ಅನ್ನುತ್ತಾರೆ. ಅದರ ಬಿಗಿ, ವೇಗ, ಬಿಸಿ, ತುಂಬಿರುವಿಕೆ ಹೀಗೆ ಹತ್ತು ಗುಣ ನೋಡುತ್ತಾರಂತೆ. ಆಮೇಲೆ ಪ್ರಶ್ನೆ ಶುರುವಾದವು. ಇಷ್ಟು ಪ್ರಶ್ನೆ ಕೇಳಿದ ವೈದ್ಯರನ್ನು ನಾನು ನೋಡಿರಲಿಲ್ಲ. ಮನೆಯಲ್ಲಿ ಗಾಳಿ ಆಡ್ತದಾ? ಏನು ಉಣ್ಣುತ್ತೀರಿ? ಎಷ್ಟು ನಡೀತೀರಿ? ಚಿಂತೆ ಏನು? ನಿದ್ದೆ ಹೇಗೆ? ಮೂತ್ರ, ಮಲ ಸರಿಯಾಗಿ ಆಗ್ತವಾ?

ಈ ಆರು ಪ್ರಶ್ನೆ ಸುಮ್ನೆ ಅಲ್ಲ. ಬದುಕಿಗೆ ಅಗತ್ಯವಾದ ಆರು ಕಾರಣಗಳು ಅಂತ ಯುನಾನಿಯಲ್ಲಿ ಇವಕ್ಕೆ ಹೆಸರೇ ಇದೆ, ಅಸ್ಬಾಬ್-ಎ-ಸಿತ್ತಾ ಜರೂರಿಯಾ. ಯುನಾನಿ ಅಂದರೆ ಗ್ರೀಕರದ್ದು. ಹಿಪ್ಪೊಕ್ರಾಟಿಸ್ ಇವರ ಬಾಯಲ್ಲಿ ಬುಕ್ರಾತ್, ಗ್ಯಾಲೆನ್ ಜಾಲೀನೂಸ್. ಆ ವಿದ್ಯೆಯನ್ನು ಅರಬ್ಬಿಗೆ ತಂದು ಬೆಳೆಸಿದವರು ಎಷ್ಟೋ ಮಂದಿ. ಅವರಲ್ಲಿ ದೊಡ್ಡ ಹೆಸರು ಇಬ್ನ್ ಸೀನಾ. ಅವರ ವೈದ್ಯಗ್ರಂಥ 'ಅಲ್ ಕಾನೂನ್' ಬರೆದು ಸಾವಿರ ವರ್ಷ ಆಯ್ತು. ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ, ಈ ನಾಲ್ಕರ ಸಮತೋಲ ತಪ್ಪಿದರೆ ಕಾಯಿಲೆ ಅನ್ನೋದು ಅವರ ಲೆಕ್ಕ. ಲ್ಯಾಬಿನ ರಿಪೋರ್ಟಿನಲ್ಲಿ ಈ ಲೆಕ್ಕ ಕಾಣುವುದಿಲ್ಲ. ನಾನೂ ಅದನ್ನು ಹುಡುಕಲು ಹೋಗುವುದಿಲ್ಲ. ನನ್ನನ್ನು ಹಿಡಿದು ಕೂರಿಸಿದ್ದು ಆ ಪ್ರಶ್ನೆಗಳು.

"ದಿನಕ್ಕ ನೀರ ಎಷ್ಟ ಕುಡೀತೀರಿ ಕಾಕಾ?"

ಅಪ್ಪ ಸುಮ್ಮನಾದ. ಆಮೇಲೆ, "ಎರಡ ಲೋಟಾ ಇರಬೇಕ್ರಿ" ಅಂದ.

"ಯಾಕ್ರಿ?"

"ಮೂವತ್ತೊಂದ ವರ್ಷ ಕಂಡಕ್ಟರ್ ಇದ್ದೆ. ಹಾವೇರಿ ರೂಟು. ನಡುವ ಇಳಿಯಾಕ ಆಗತಿರಲಿಲ್ಲ, ಮಂದಿ ಬಾಯಿ ಮಾಡ್ತಿದ್ರು. ಅದಕ್ಕ ನೀರ ಕುಡಿಯೂದನ್ನ ಬಿಟ್ಟಬಿಟ್ಟೆ."

ನನಗೆ ಈಗ ಮೂವತ್ತಾರು. ಅಪ್ಪ ನೀರು ಕಡಿಮೆ ಕುಡಿಯುತ್ತಾನೆ ಅಂತ ಗೊತ್ತಿತ್ತು. ಯಾಕೆ ಅಂತ ಒಂದು ದಿನವೂ ಕೇಳಿರಲಿಲ್ಲ. ತುಂಬಿದ ಬಸ್ಸಿನಲ್ಲಿ ತಡೆದುಕೊಂಡು ನಿಂತು ಟಿಕೆಟ್ ಹರಿಯುತ್ತಿದ್ದ ಅಪ್ಪ ಕಣ್ಣ ಮುಂದೆ ಬಂದ. ಗಂಟಲು ಕಟ್ಟಿತು.

"ಹೊರಗ ಹೋಗೂದು ಒಳಗ ಉಳದರ ಅದು ಎಲ್ಲೋ ಒಂದ ಕಡೆ ಕೂಡತೈತ್ರಿ" ಅಂದರು ಹಕೀಮರು. ಮೈಯಲ್ಲಿ ನೀರು ಕಡಿಮೆಯಾದರೆ ಯೂರಿಕ್ ಆಸಿಡ್ ಸರಿಯಾಗಿ ಹೊರಗೆ ಹೋಗುವುದಿಲ್ಲ ಅಂತ ಆಮೇಲೆ ನಮ್ಮ ಡಾಕ್ಟರೂ ಹೇಳಿದರು.

ಅಪ್ಪ ಔಷಧಿ ಕೇಳಿದ. ಹಕೀಮರು ಮೊದಲು ಡಾಕ್ಟರ ಚೀಟಿ, ಗುಳಿಗೆ ನೋಡಿದರು. ಗುಳಿಗೆಯ ಹೆಸರು ಕೋಲ್ಚಿಸಿನ್.

"ಈ ಬ್ಯಾನಿಗೆ ನಮ್ಮಲ್ಲಿ ನಿಖ್ರಿಸ್ ಅಂತಾರ. ಸುರಂಜಾನ್ ಗಡ್ಡಿ ಹಾಕಿದ ಮಾಜೂನ್, ಅಂದ್ರ ಲೇಹ್ಯ, ಕೊಡ್ತೀವಿ. ಆದ್ರ ಈ ಗುಳಗಿ ಐತಲ್ರಿ, ಇದೂ ಅದ ಜಾತಿ ಗಡ್ಡಿದ ಸತ್ವ. ಎರಡೂ ಕೂಡಿದ್ರ ವಿಷ ಆಗ್ತೈತಿ. ಡಾಕ್ಟರ್ ಹೇಳಿದಷ್ಟ ತಗೋರಿ. ನಾ ಏನೂ ಕೊಡೂದಿಲ್ಲ."

ಅಪ್ಪನ ಮುಖ ಸಪ್ಪಗಾಯಿತು. ನನಗೆ ಮಾತ್ರ ಅವರ ಮೇಲೆ ಅಲ್ಲೇ ಗೌರವ ಹುಟ್ಟಿತು. ಎದುರಿಗೆ ಬರಣಿ ತುಂಬಿದೆ, ಕೇಳುವವನು ತಾನಾಗಿ ಬಂದಿದ್ದಾನೆ. ಇಲ್ಲ ಅನ್ನೋದು ಸುಲಭ ಅಲ್ಲ, ಅಲ್ವಾ? ಮನೆಗೆ ಬಂದು ಹುಡುಕಿದೆ. ಗ್ರೀಕ್, ಅರಬ್ ವೈದ್ಯರು ಸಂಧಿನೋವಿಗೆ ಕೊಡುತ್ತಿದ್ದ ಕೋಲ್ಚಿಕಮ್ ಗಿಡದಿಂದಲೇ 1820ರಲ್ಲಿ ಫ್ರಾನ್ಸಿನ ಪೆಲೆಟಿಯೆ ಮತ್ತು ಕ್ಯಾವಂತು ಈ ಸತ್ವವನ್ನು ಬೇರೆ ಮಾಡಿದ್ದರು. ಅಪ್ಪ ಹುಡುಕಿಕೊಂಡು ಹೋದ ಔಷಧಿ ಅವನ ಜೇಬಿನಲ್ಲೇ ಇತ್ತು.

ಹಕೀಮರು ಕೊಟ್ಟದ್ದು ಊಟದ ಚೀಟಿ ಒಂದೇ. ಸಾವಜಿ ಖಾನಾವಳಿಯ ಖೀಮಾ, ಲಿವರ್ ಬಂದ್. ರೊಟ್ಟಿ, ಪಲ್ಯ, ಮಜ್ಜಿಗೆ ನಡೆಯುತ್ತದೆ. ತಾಸಿಗೊಮ್ಮೆ ನೀರು. ಫೀ ಕೊಡಲು ಹೋದರೆ, ಔಷಧಿ ಕೊಟ್ಟಿಲ್ಲ ಅಂತ ಅರ್ಧ ವಾಪಸ್ ಕೊಟ್ಟರು.

ವಾಪಸ್ ಬರುವಾಗ ಬಸ್ಸು ತುಂಬಿತ್ತು. ಅಪ್ಪನಿಗೆ ಹೇಗೋ ಸೀಟು ಸಿಕ್ಕಿತು. ನವಲೂರು ದಾಟುವಾಗ ಕಂಡಕ್ಟರ್ ಹುಡುಗ ಬೆವರು ಒರೆಸುತ್ತ ಪಕ್ಕಕ್ಕೆ ಬಂದು ನಿಂತ. ಅಪ್ಪ ಅವನ ಅಂಗಿ ಹಿಡಿದು ಜಗ್ಗಿದ.

"ತಮ್ಮಾ, ಮುಂಜಾನಿಂದ ನೀರ ಕುಡದಿಯೇನ?"

"ಎಲ್ಲಿ ಟೈಮ್ ಐತ್ರಿ ಅಜ್ಜಾರ?"

ಅಪ್ಪ ತನ್ನ ಬಾಟಲಿಯ ಮುಚ್ಚಳ ತೆಗೆದು ಅವನ ಕೈಗೆ ಕೊಟ್ಟ.