ಕಂತು ಬಿದ್ದರೆ ಬೆಳಕು: ಕೀನ್ಯಾದ ಸೋಲಾರ್ ವ್ಯಾಪಾರ

ಸೀಮೆಎಣ್ಣೆಯನ್ನು ಇವತ್ತಿನ ಕೂಲಿಯಲ್ಲಿ ಇವತ್ತಿಗೆ ಸಾಕಾಗುವಷ್ಟೇ ತರಬಹುದು. ಸೋಲಾರ್‌ಗೆ ಗಂಟು ಮೊದಲೇ ಇಡಬೇಕು. ಕೀನ್ಯಾದ ಹಳ್ಳಿಗಳಲ್ಲಿ ಸೋಲಾರ್ ಬಹುಕಾಲ ಸಿಕ್ಕಿಹಾಕಿಕೊಂಡದ್ದು ಇಲ್ಲೇ. 2007ರಲ್ಲಿ ಅಲ್ಲಿನ ಮೊಬೈಲ್ ಕಂಪನಿ ಸಫಾರಿಕಾಮ್ ಎಂ-ಪೆಸಾ ಎಂಬ ಹಣ ಕಳಿಸುವ ಸೇವೆ ಶುರುಮಾಡಿ, ಬಟನ್ ಫೋನಿನಲ್ಲೇ ದುಡ್ಡು ಕಳಿಸುವುದು ರೂಢಿಯಾದ ಮೇಲೆ ಗಂಟು ಸಡಿಲವಾಯಿತು. ಎಂ-ಪೆಸಾ ಕಟ್ಟಿದವರಲ್ಲೊಬ್ಬರಾದ ನಿಕ್ ಹ್ಯೂಸ್ ಜೊತೆಗಾರರೊಂದಿಗೆ ಸೋಲಾರ್ ಕಿಟ್ಟನ್ನು ಕಂತಿನಲ್ಲಿ ಮಾರುವ ಎಂ-ಕೋಪಾ ಕಂಪನಿ ತೆರೆದರು, 2012ರಲ್ಲಿ ಮಾರಾಟಕ್ಕಿಳಿದರು.

ಕಿಟ್ ಅಂದರೆ 8 ವಾಟ್ ಪ್ಯಾನೆಲ್, ಬ್ಯಾಟರಿ ಡಬ್ಬಿ, ಎಲ್‌ಇಡಿ ಬಲ್ಬು, ರೇಡಿಯೋ, ಚಾರ್ಜರ್. ಆರಂಭದ ವರ್ಷಗಳಲ್ಲಿ ಮುಂಗಡ ಸುಮಾರು 3000 ಶಿಲ್ಲಿಂಗ್, ಮೇಲೆ ದಿನಕ್ಕೆ 40-50ರಂತೆ ಒಂದು ವರ್ಷ. ಡಬ್ಬಿಯೊಳಗೆ ಸಿಮ್ ಇರುತ್ತದೆ. ಕಂತು ಬಿದ್ದರೆ ಸರ್ವರ್ ಅದನ್ನು ತೆರೆಯುತ್ತದೆ, ಬೀಳದಿದ್ದರೆ ಲಾಕ್. ವಸೂಲಿಗೆ ದಿನಾ ಬಾಗಿಲು ಬಡಿಯಬೇಕಿಲ್ಲ.

ಕರೆಂಟಿನ ಲೆಕ್ಕ ಬಲು ಬಿಗಿ. ಒಳ್ಳೆ ಬಿಸಿಲು 5 ಗಂಟೆ ಅಂದರೂ 40 ವಾಟ್-ಅವರ್. ಧೂಳು, ಶಾಖ, ಬ್ಯಾಟರಿ ನಷ್ಟ ಕಳೆದು ಕೈಗೆ 28ರಷ್ಟು ಹತ್ತಬಹುದು. 1.2 ವಾಟಿನ 3 ಬಲ್ಬು 5 ಗಂಟೆ ಉರಿದರೆ 18 ಖರ್ಚು. ಮಿಕ್ಕದ್ದರಲ್ಲಿ ಎರಡು ಬಟನ್ ಫೋನ್. ಅಕ್ಕಪಕ್ಕದವರ ಫೋನಿಗೂ ಕಾಸು ತೆಗೆದುಕೊಂಡು ಚಾರ್ಜ್ ಕೊಟ್ಟರೆ ಊಟದ ಹೊತ್ತಿಗೇ ಕತ್ತಲೆ; ದೂರು ಮಾತ್ರ ಬ್ಯಾಟರಿಯ ಮೇಲೆ! ಪ್ಯಾನೆಲಿನ ಒಂದು ಮೂಲೆಗೆ ಬಾಳೆ ಎಲೆಯ ನೆರಳು ಬಿದ್ದರೂ ಸಾಕು, ಸೆಲ್‌ಗಳು ಸಾಲಾಗಿ ಜೋಡಿಸಿರುವುದರಿಂದ ಇಡೀ ಪ್ಯಾನೆಲ್ ಸೊರಗುತ್ತದೆ.

ಇಂಥ ವ್ಯಾಪಾರಕ್ಕೆ ದೊಡ್ಡ ಕಂಟಕ ಬೇರೆ: ಬಂಡವಾಳದ ಸಾಲ ಡಾಲರಿನಲ್ಲಿ, ವಸೂಲಿ ಶಿಲ್ಲಿಂಗಿನಲ್ಲಿ. ಶಿಲ್ಲಿಂಗ್ ಕುಸಿದಷ್ಟೂ ಸಾಲ ಬೆಳೆಯುತ್ತದೆ. ಗಿರಾಕಿಗೋ ದುಡ್ಡು ಬರುವುದು ಸುಗ್ಗಿಯಲ್ಲಿ, ಕಂತು ಮಾತ್ರ ದಿನಾ. ಪೂರ್ವ ಆಫ್ರಿಕದಲ್ಲಿ ಇದೇ ವ್ಯಾಪಾರದಲ್ಲಿದ್ದ ಬರ್ಲಿನ್‌ನ ಮೋಬಿಸೋಲ್ 2019ರಲ್ಲಿ ದಿವಾಳಿ ಅರ್ಜಿ ಹಾಕಿತು. 2020ರಲ್ಲಿ ಕೀನ್ಯಾ ಸರ್ಕಾರ ಸೋಲಾರ್ ಸಾಮಾನಿಗಿದ್ದ ವ್ಯಾಟ್ ವಿನಾಯಿತಿ ಕಿತ್ತುಹಾಕಿ, ಮರುವರ್ಷ ವಾಪಸು ಕೊಟ್ಟಿತು. ಉದ್ಯಮಿಯ ಜಾಣತನ ಏನೇ ಇರಲಿ, ಬೆಲೆ ನಿಲ್ಲುವುದು ಇಂಥ ಒಂದು ಸಾಲಿನ ಕಾನೂನಿನ ಮೇಲೆ.

ನಮ್ಮ ಬೆಂಗಳೂರಿನ ಸೋಲಾರ್ ಕಂಪನಿ ಸೆಲ್ಕೋ 1995ರಿಂದ ಹಿಡಿದದ್ದು ಬ್ಯಾಂಕ್ ಸಾಲದ ದಾರಿ; ಹಳ್ಳಿಗೆ ಹತ್ತಿರ ಗ್ರಾಮೀಣ ಬ್ಯಾಂಕಿನ ಶಾಖೆ ಇದ್ದದ್ದರಿಂದ ಅದು ನಡೆಯಿತು. ಕಂತನ್ನು ಗಿರಾಕಿಯ ಆದಾಯ ಬರುವ ಕಾಲಕ್ಕೆ ಹೊಂದಿಸಬಹುದು, ಲಾಕ್ ಬೇಕಿಲ್ಲ. ನನ್ನ ಮತ ಇದಕ್ಕೇ. ಆದರೆ ಮ್ಯಾನೇಜರ್ ಒಪ್ಪುವತನಕ ಕಾಯಬೇಕು, ಅದಕ್ಕೇ ಇದು ನಿಧಾನ.

ಎಂ-ಕೋಪಾ ಅದೇ ಲಾಕನ್ನು ಈಗ ಕಂತಿನ ಸ್ಮಾರ್ಟ್‌ಫೋನಿಗೆ ಹಾಕುತ್ತಿದೆ. 2023ರಲ್ಲಿ ಅದು ನೈರೋಬಿಯಲ್ಲಿ ತೆರೆದದ್ದೂ ಫೋನ್ ಜೋಡಣೆಯ ಕಾರ್ಖಾನೆಯನ್ನೇ.